ಆಯ್ತು ಅಂದರೆ ಆಯಿತೇ?

ನನ್ನ ಕಪಾಟಿನಲ್ಲಿ ಹನ್ನೊಂದು ಮ್ಯಾನೇಜ್‌ಮೆಂಟ್ ಪುಸ್ತಕಗಳಿವೆ. ಎಲ್ಲಕ್ಕೂ ಶಾಲೆಯ ಪುಸ್ತಕಗಳಿಗೆ ಹಾಕುವಂತೆ ಖಾಕಿ ಹಾಳೆಯ ಬೈಂಡು ಹಾಕಿದ್ದೇನೆ. ಪುಸ್ತಕದ ಮೇಲಿನ ಪ್ರೀತಿಗಲ್ಲ, ಅಂಜಿಕೆಗೆ. ನಲವತ್ತು ದಾಟಿದ ಮನುಷ್ಯ ಕಾರಿನಲ್ಲಿ ಕೂತು ‘ನಾಯಕನಾಗುವುದು ಹೇಗೆ’ ಎಂದು ಓದುತ್ತಿದ್ದರೆ, ಪಕ್ಕದ ಕಾರಿನವನಿಗೆ ಮೊದಲು ಬರುವ ಯೋಚನೆ ಎಂದರೆ ‘ಪಾಪ, ಇವನ ಕೈಕೆಳಗೆ ಯಾರಿದ್ದಾರೋ’ ಎಂಬುದೇ.

ನನ್ನ ಕೈಕೆಳಗೆ ಒಂಬತ್ತು ಜನ ಇದ್ದರು. ಎರಡು ಸಾವಿರದ ಆಚೀಚಿನ ಮಾತು. ನಮ್ಮದು ಏರ್‌ಕಂಡಿಷನರ್ ಮಾರುವ, ರಿಪೇರಿ ಮಾಡುವ ಕಂಪನಿ. ಮಾರುವುದಕ್ಕೆ ಒಮಾನ್ ದೇಶದ ರೂವಿಯಲ್ಲಿ ಗಾಜಿನ ಶೋರೂಮ್, ರಿಪೇರಿಗೆ ವಾದಿ ಕಬೀರಿನ ಗ್ಯಾರೇಜುಗಳ ಸಾಲಿನಲ್ಲಿ ತಗಡಿನ ಮಾಡಿನ ವರ್ಕ್‌ಶಾಪ್. ಹಳೆಯ ಸರ್ವಿಸ್ ಮ್ಯಾನೇಜರು ನಿವೃತ್ತರಾಗಿ ಊರಿಗೆ ಹೋದಾಗ ಆ ಕುರ್ಚಿ ನನಗೆ ಬಂತು. ಎಂಟು ವರ್ಷ ಸ್ಪೇರ್ ಪಾರ್ಟ್ಸ್ ಕೋಣೆಯಲ್ಲಿ ಕೂತವನು ನಾನು. ಯಾವ ನಟ್ಟು ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಟ್ಟು ಎಲ್ಲಿದೆ ಎಂದು ಗೊತ್ತಿರುವವನಿಗೆ ಮನುಷ್ಯರನ್ನು ನಡೆಸುವುದೂ ಗೊತ್ತಿರುತ್ತದೆ ಎಂದು ಮೇಲಿನವರು ನಂಬಿದರು. ನಾನು ನಂಬಲಿಲ್ಲ. ಅದಕ್ಕೇ ಪುಸ್ತಕ.

ಚಿಂತೆ ನನ್ನ ಹುಟ್ಟುಗುಣ. ಗದಗಿನ ಕಡೆಯ ನಮ್ಮ ಮನೆತನದಲ್ಲಿ ಎಲ್ಲರೂ ಸುಖನಿದ್ರೆಯವರು. ಎಲ್ಲರ ಪಾಲಿನ ಚಿಂತೆಯೂ ನನಗೇ ಬಂದಿದೆ. ಕುರ್ಚಿ ಬದಲಾದ ವಾರದಲ್ಲೇ ಒಂದು ಹಾಳೆಯ ಮೇಲೆ ಏನೇನು ಕೆಡಬಹುದು ಎಂದು ಬರೆದಿಟ್ಟುಕೊಂಡೆ. ಹಾಳೆ ಸಾಲಲಿಲ್ಲ. ನನ್ನ ಹೆಂಡತಿ ಅದನ್ನು ಓದಿ, "ರೀ, ಚಿಂತಿ ಮಾಡ್ಲಿಕ್ಕೆ ಏನೂ ಇಲ್ಲ ಅಂದ್ರ ಯಾಕ ಇಲ್ಲ ಅಂತ ಚಿಂತಿ ಮಾಡೋರು ನೀವು. ಈಗರ ಕಾರಣ ಸಿಕ್ಕದಲ್ಲ, ಖುಷಿಪಡ್ರಿ," ಎಂದಳು. ಆಮೇಲೆ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಸೋರುತ್ತಿದ್ದ ಎ.ಸಿ.ಯ ಕೆಳಗಿನ ಬಕೆಟ್ಟು ಬದಲಿಸುತ್ತ, "ಹಂಗ ಇದನ್ನೂ ಬರೀರಿ ಆ ಹಾಳಿಮ್ಯಾಲೆ," ಎಂದಳು.

"ಆತು," ಎಂದೆ.

ರೂವಿಯಲ್ಲಿ ಶಾಲಾಪುಸ್ತಕಗಳ ಒಂದು ಅಂಗಡಿಯಿತ್ತು. ಗೈಡುಗಳ ಸಾಲಿನ ಹಿಂದೆ, ಧೂಳು ಹಿಡಿದ ಒಂದು ಹಲಗೆಯ ಮೇಲೆ, ವ್ಯಾಪಾರ ಕಲಿಸುವ ಪುಸ್ತಕಗಳು. ತಿಂಗಳಿಗೊಂದು ಕೊಳ್ಳುತ್ತಿದ್ದೆ. ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರಲು ಅರ್ಧ ಗಂಟೆ ಮೊದಲೇ ಹೋಗಿ, ಕಾರಿನ ಎ.ಸಿ. ಹಚ್ಚಿ, ಪೆನ್ಸಿಲು ಹಿಡಿದು ಓದುತ್ತಿದ್ದೆ. ನಾಯಕನಾದವನು ಗುರಿ ತೋರಿಸಬೇಕು ಎಂದು ಒಂದು ಪುಸ್ತಕ. ಗುರಿಯ ಮಾತು ಬಿಡು, ಮೊದಲು ಜನರ ಮಾತು ಕೇಳು ಎಂದು ಇನ್ನೊಂದು. ಎದುರಾಳಿ ಮಾಡಲಾಗದ್ದನ್ನು ನೀನು ಮಾಡು ಎಂದು ಮೂರನೆಯದು. ನಮ್ಮ ಎದುರಾಳಿಗಳೂ ಇದನ್ನೇ ಓದಿದ್ದರೆ ಏನು ಗತಿ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಇನ್ನೂ ಇದೆ.

ಓದಿದ್ದನ್ನು ಶನಿವಾರ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಪ್ರಯೋಗಿಸುತ್ತಿದ್ದೆ. ಅಲ್ಲಿ ಆಗ ಗುರುವಾರ, ಶುಕ್ರವಾರ ರಜೆ; ವಾರ ಶುರುವಾಗುವುದು ಶನಿವಾರ. ನನ್ನ ಒಂಬತ್ತು ಜನರಲ್ಲಿ ಫೋರ್‌ಮನ್ ಸೇರಿ ನಾಲ್ವರು ನಮ್ಮ ಕರಾವಳಿಯವರು, ಮೂವರು ಕೇರಳದವರು, ಇಬ್ಬರು ಬಾಂಗ್ಲಾದವರು. ಫೋರ್‌ಮನ್ ಉಡುಪಿ ಕಡೆಯವರು, ಮನೆಮಾತು ತುಳು, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯರು. ಮೊದಲ ಮೀಟಿಂಗಿನ ದಿನ ನಾನು ಬಿಳಿ ಬೋರ್ಡಿನ ಮೇಲೆ ದೊಡ್ಡದಾಗಿ ‘ವಿಷನ್’ ಎಂದು ಬರೆದೆ. ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು.

"ಎಂತ ಸರ್, ಕಣ್ಣಿನ ಕ್ಯಾಂಪಾ?"

"ಅಲ್ರೀ. ಇನ್ನ ಐದು ವರ್ಷಕ್ಕ ನಾವು ಎಲ್ಲಿ ಇರಬೇಕು ಅನ್ನೋದು."

"ಅದು ವೀಸಾದಲ್ಲಿ ಬರ್ದುಂಟಲ್ಲ ಮಾರಾಯ್ರೆ. ಎರಡು ವರ್ಷದ್ದು ಮಾತ್ರ."

ಎಲ್ಲರೂ ನಕ್ಕರು. ಕನ್ನಡ ಬಾರದ ಬಾಂಗ್ಲಾದವರೂ ನಕ್ಕರು; ಅವರಿಗೆ ನನ್ನ ಮುಖ ನೋಡಿದರೆ ಸಾಕಿತ್ತು. ನಾನೂ ನಕ್ಕೆ. ನಾಯಕ ತನ್ನನ್ನು ನೋಡಿ ತಾನೇ ನಗಬಲ್ಲವನಾಗಿರಬೇಕು ಎಂದು ನಾಲ್ಕನೆಯ ಪುಸ್ತಕದಲ್ಲಿತ್ತು. ಅಂದಿನಿಂದ ಫೋರ್‌ಮನ್ ಬಾಯಲ್ಲಿ ನಾನು ‘ಪುಸ್ತಕದ ಸರ್’ ಆದೆ. ಛಾವಣಿಯ ಮೇಲಿಂದ ಬೆವರಿನಲ್ಲಿ ತೊಯ್ದು ಇಳಿದು ಬಂದಾಗಲೆಲ್ಲ, "ನಿಮ್ಮ ಪುಸ್ತಕದವರು ಜೂನ್ ತಿಂಗಳಲ್ಲಿ ಒಮ್ಮೆ ರೂವಿಯ ಟೆರೇಸ್ ಹತ್ತಿ ನೋಡ್ಬೇಕಿತ್ತು ಸರ್, ಪುಸ್ತಕ ತೆಳ್ಳಗಾಗ್ತಿತ್ತು," ಎನ್ನುತ್ತಿದ್ದರು.

ಹೀಗಿದ್ದಾಗ ಒಂದು ಏಪ್ರಿಲ್ ತಿಂಗಳಲ್ಲಿ ನಮ್ಮ ಅರ್ಬಾಬ್ ಕರೆಸಿದರು. ಅರ್ಬಾಬ್ ಎಂದರೆ ಒಡೆಯರು. ಕಡಿಮೆ ಮಾತಿನ, ಗಡ್ಡ ನರೆತ ಒಮಾನಿ ಹಿರಿಯರು. ಅವರ ಮೇಜಿನ ಮೇಲೆ ಗಿರಾಕಿಗಳ ದೂರುಗಳ ಫೈಲು ಇತ್ತು. ಅದು ಆಗಿದ್ದ ನನ್ನ ಹತ್ತು ಪುಸ್ತಕಗಳಿಗಿಂತ ದಪ್ಪವಾಗಿತ್ತು.

"ನಿನ್ನವರು ಕೆಲಸಗಾರರು, ನನಗೆ ಗೊತ್ತು," ಎಂದರು. "ಆದರೆ ಜನ ಹೇಳುವುದು ಒಂದೇ: ಇವರು ಸುಳ್ಳು ಹೇಳುತ್ತಾರೆ. ಈ ಬೇಸಿಗೆ ಕಳೆಯಲಿ. ದೂರು ಕಡಿಮೆಯಾಗದಿದ್ದರೆ ವರ್ಕ್‌ಶಾಪ್ ಮುಚ್ಚುತ್ತೇನೆ. ಸರ್ವಿಸ್ ಕೆಲಸ ಹೊರಗಿನವರಿಗೆ ಕೊಡುತ್ತೇನೆ."

ವರ್ಕ್‌ಶಾಪ್ ಮುಚ್ಚಿದರೆ ಒಂಬತ್ತು ಜನರ ವೀಸಾ ರದ್ದು, ನನ್ನದು ಸೇರಿ ಹತ್ತು. ನನ್ನ ಚಿಂತೆಯ ಹಾಳೆಯಲ್ಲಿ ಇದು ಎರಡನೆಯ ಸಾಲಿನಲ್ಲೇ ಇತ್ತು. ಆದರೆ ಬರೆದಿಟ್ಟಿದ್ದೆ ಎಂಬ ಸಮಾಧಾನ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಸುಳ್ಳು ಎಂಬ ಮಾತು ಚುಚ್ಚಿತು. ನಮ್ಮ ಫೋರ್‌ಮನ್ ಎಂಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದು ನನಗೆ ಗೊತ್ತಿತ್ತು; ಅದೂ ನನ್ನ ಮೀಟಿಂಗ್ ಚೆನ್ನಾಗಿತ್ತು ಎಂದು.

ಮರಳಿ ಬಂದು ವಿಷಯ ಹೇಳಿದೆ. ಯಾರೂ ತಮಾಷೆ ಮಾಡಲಿಲ್ಲ.

ನಾನು ಮಾಡಿದ್ದೇನು? ಇನ್ನೊಂದು ಪುಸ್ತಕ ಕೊಂಡೆ. ಈ ಸಲ ಮಾರ್ಕೆಟಿಂಗ್. ಗಿರಾಕಿಗೆ ಒಂದೇ ಒಂದು ಭರವಸೆ ಕೊಡು, ಅದನ್ನು ಚಿಕ್ಕ ಮಾತಿನಲ್ಲಿ ಹೇಳು, ಹೋದಲ್ಲಿ ಬಂದಲ್ಲಿ ಅದನ್ನೇ ಹೇಳು ಎಂಬುದು ಅದರ ಸಾರ. ಶಾಲೆಯ ಗೇಟಿನ ಮುಂದೆ ಕಾರಿನಲ್ಲಿ ಕೂತು ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ ಹೊಳೆಯಿತು: ‘ನೀವು ಹೇಳಿದಿರಿ, ಆಯ್ತು!’ ಇಂಗ್ಲಿಷಿಗೆ ತಂದರೆ ಕೊನೆಯಲ್ಲಿ ‘ಡನ್’. ಅರಬಿಗೆ ತಂದರೆ ‘ಖಲಾಸ್’. ಹಸಿರು ಅಕ್ಷರದಲ್ಲಿ ಎರಡೂ ಭಾಷೆಯ ಸ್ಟಿಕ್ಕರ್ ಮಾಡಿಸಿ, ಕೆಳಗೆ ವರ್ಕ್‌ಶಾಪಿನ ಫೋನ್ ನಂಬರು ಹಾಕಿಸಿ, ಗಿರಾಕಿಗಳ ಟೆಲಿಫೋನಿನ ಮೇಲೆ ಅಂಟಿಸಿ ಬರಲು ಎಲ್ಲರಿಗೂ ಕೊಟ್ಟೆ. ಆ ವಾರ ನಾನು ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ. ದೂರುಗಳು ಹೆಚ್ಚಾದವು.

ಮೇ ತಿಂಗಳ ಒಂದು ಶನಿವಾರ ನಮ್ಮ ಗಿರಾಕಿ, ಒಂದು ಮದುವೆ ಹಾಲಿನ ಒಡತಿ, ಫೋನ್ ಮಾಡಿದರು. ಐವತ್ತು ದಾಟಿದ ಒಮಾನಿ ಹೆಂಗಸು. ಹಿಂದಿ ಸಿನಿಮಾ ನೋಡಿ ನೋಡಿ ಆಕೆಯ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ಹಾಲಿನ ಮೇಲಿನ ದೊಡ್ಡ ಯಂತ್ರದ ಎರಡು ಕಂಪ್ರೆಸರುಗಳಲ್ಲಿ ಒಂದು ಸುಟ್ಟಿದೆ, ಗುರುವಾರ ಮದುವೆ ಇದೆ, ಅದರೊಳಗೆ ಆಗಬೇಕು ಎಂದರು. ಹೊಸ ಕಂಪ್ರೆಸರ್ ಬುಧವಾರ ದುಬೈಯಿಂದ ಬರುವುದಿತ್ತು. ಬುಧವಾರ ಮಧ್ಯಾಹ್ನ ಹಾಕಿದರೆ ಸಂಜೆಗೆ ತಂಪು. ನಾನು ಲೆಕ್ಕಾಚಾರ ಹಾಕಿ, "ಖಲಾಸ್ ಮೇಡಮ್, ಖಲಾಸ್," ಎಂದೆ. ಧೈರ್ಯ ತುಂಬಲಿ ಎಂದು ಎರಡು ಸಲ ಹೇಳಿದೆ. ಎರಡು ಸಲ!

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಮತ್ತೆ ಫೋನು. ಈ ಸಲ ಆಕೆ ಹಿಂದಿ, ಅರಬಿ ಎರಡನ್ನೂ ಒಟ್ಟಿಗೆ ಬಳಸಿದರು. ಅರ್ಥವಾದದ್ದು ಇಷ್ಟೇ: ಕೂಡಲೇ ಬಾ.

ಫೋರ್‌ಮನ್ ಜೊತೆ ಪಿಕಪ್ಪಿನಲ್ಲಿ ಓಡಿದೆ. ಹಾಲಿನ ಬಾಗಿಲು ತೆರೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ. ವೇದಿಕೆಯ ಹೂಗಳು ಕತ್ತು ಬಾಗಿಸಿದ್ದವು. ಅಲಂಕಾರದವರು ರಟ್ಟಿನ ಪೆಟ್ಟಿಗೆ ಹರಿದು ಗಾಳಿ ಹಾಕಿಕೊಳ್ಳುತ್ತಿದ್ದರು. ಅವತ್ತೇ ಸಂಜೆ ಎಂಟಕ್ಕೆ ಅಲ್ಲಿ ಒಡತಿಯ ಅಕ್ಕನ ಮಗಳ ಮೆಹಂದಿ. ಯಂತ್ರ ರಿಪೇರಿಯಾಗಿದೆ ಎಂದು ತಿಳಿದು, ಬೇರೆ ಕಡೆ ಗೊತ್ತುಮಾಡಿದ್ದ ಸಮಾರಂಭವನ್ನು ಆಕೆಯೇ ತನ್ನ ಹಾಲಿಗೆ ತಂದುಕೊಂಡಿದ್ದರು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ನನ್ನನ್ನು ಮೇಜಿನ ಹತ್ತಿರ ಕರೆದು, ಟೆಲಿಫೋನಿನ ಮೇಲಿನ ಹಸಿರು ಸ್ಟಿಕ್ಕರಿನ ಮೇಲೆ ಬೆರಳಿಟ್ಟರು.

"ಮ್ಯಾನೇಜರ್ ಸಾಬ್, ಇದನ್ನು ಬರೆದವರು ಯಾರು?"

"ನಾನೇ ಮೇಡಮ್."

"ಏನು ಬರೆದಿದೆ?"

"ನೀವು ಹೇಳಿದಿರಿ, ಖಲಾಸ್."

"ಶನಿವಾರ ಫೋನಿನಲ್ಲಿ ಏನಂದೆ?"

"ಖಲಾಸ್."

"ಎಷ್ಟು ಸಲ?"

"...ಎರಡು ಸಲ."

"ಹಾಗಾದರೆ ಆಯಿತಾ?"

"ಆಗುತ್ತದೆ ಮೇಡಮ್, ಬುಧವಾರ..."

"ಆಗುತ್ತದೆ ಅನ್ನೋದಕ್ಕೆ ಅರಬಿಯಲ್ಲಿ ಬೇರೆ ಮಾತಿದೆ. ಹಿಂದಿಯಲ್ಲೂ ಇದೆ. ನಿನ್ನ ಭಾಷೆಯಲ್ಲಿ ಇಲ್ಲವಾ?"

ಫೋರ್‌ಮನ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಸರ್, ಭಾಷೆ ಆಮೇಲೆ ನೋಡುವ. ನಮ್ಮ ಶೆಡ್ಡಿನಲ್ಲಿ ಆ ಹಳೇ ಆಫೀಸಿನಿಂದ ಬಿಚ್ಚಿ ತಂದ ಯಂತ್ರ ಉಂಟಲ್ಲ, ಅದರ ಕಂಪ್ರೆಸರ್ ಇದೇ ಸೈಜಿನದ್ದು. ಪೈಪಿನ ಬಾಯಿ ಸ್ವಲ್ಪ ಬೇರೆ. ನಾನು ಕೂಡಿಸ್ತೇನೆ."

"ಕೂಡದೇ ಹೋದ್ರ? ಗ್ಯಾಸ್ ಸೋರಿದ್ರ? ಕರೆಂಟ್..."

"ನಿಮ್ಮ ಆ ಹಾಳೆ ಉಂಟಾ ಕಿಸೆಯಲ್ಲಿ?"

ಇತ್ತು. ಅದು ಯಾವಾಗಲೂ ಇರುತ್ತಿತ್ತು.

"ಹಾಗಾದ್ರೆ ನೀವು ಅದನ್ನು ಓದಿ ಓದಿ ಹೇಳಿ, ಯಾವುದೆಲ್ಲ ಕೆಡಬಹುದು ಅಂತ. ನಾನು ಅದಕ್ಕೆಲ್ಲ ಸಾಮಾನು ತರಿಸ್ತೇನೆ. ಯಲ್ಲಾ, ಹೊರಡುವ."

ಹೀಗೆ ನನ್ನ ಚಿಂತೆಗೆ ಜೀವನದಲ್ಲಿ ಮೊದಲ ಸಲ ಕೆಲಸ ಸಿಕ್ಕಿತು. ನಾನು ಒಂದೊಂದಾಗಿ ಹೇಳಿದೆ. ಅವರು ವರ್ಕ್‌ಶಾಪಿಗೆ ಫೋನ್ ಮಾಡಿ ಒಂದೊಂದಕ್ಕೂ ಬದಲಿ ತರಿಸಿದರು. ಹೆಚ್ಚಿನ ತಾಮ್ರದ ಪೈಪು, ಇನ್ನೊಂದು ಗ್ಯಾಸ್ ಸಿಲಿಂಡರ್, ಎರಡನೇ ವ್ಯಾಕ್ಯೂಮ್ ಪಂಪು. ಮುಕ್ಕಾಲು ಗಂಟೆಯಲ್ಲಿ ಐದು ಜನ ಸಾಮಾನು ಸಮೇತ ಬಂದರು. ಕೆಲಸ ಅರ್ಧ ಆದಾಗ ಮೊದಲ ಪಂಪು ನಿಜಕ್ಕೂ ಕೆಟ್ಟಿತು. ಎರಡನೆಯದು ಕೈಯಳತೆಯಲ್ಲೇ ಇತ್ತು. ಫೋರ್‌ಮನ್ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಅಧ್ಯಾಯಗಟ್ಟಲೆ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಅದನ್ನು ಅಂಜುಬುರುಕತನ ಎನ್ನುತ್ತಿದ್ದರು.

ಛಾವಣಿಯ ಮೇಲೆ ಕಾಲಿಟ್ಟರೆ ಬೂಟಿನ ಅಡಿ ಅಂಟುತ್ತಿತ್ತು. ನಾಯಕ ಮುಂದೆ ನಿಂತು ನಡೆಸಬೇಕು ಎಂದು ಓದಿದ್ದೆ. ಮುಂದೆ ನಿಂತರೆ ಬೆಳಕಿಗೆ ಅಡ್ಡವಾಗುತ್ತೀರಿ ಎಂದು ಫೋರ್‌ಮನ್ ಕೈಲಿ ಬೈಸಿಕೊಂಡು, ಹಿಂದೆ ನಿಂತು ಮದುವೆ ಹಾಲಿನವರ ಒಂದು ದೊಡ್ಡ ಛತ್ರಿಯನ್ನು ಅವರ ತಲೆಯ ಮೇಲೆ ಹಿಡಿದೆ. ನಾಲ್ಕು ಗಂಟೆ ಹಿಡಿದೆ. ತೋಳು ಬದಲಿಸಿದ್ದೇ ನನ್ನ ಆ ದಿನದ ಕಾರ್ಯತಂತ್ರ.

ಆದರೆ ಅಲ್ಲಿಂದ ನೋಡಿದ್ದನ್ನು ನಾನು ಮರೆತಿಲ್ಲ. ಎರಡು ಬೇರೆ ಬೇರೆ ಅಳತೆಯ ಪೈಪುಗಳನ್ನು ಫೋರ್‌ಮನ್ ಉಜ್ಜಿ, ಅರಳಿಸಿ, ಒಂದರೊಳಗೊಂದು ಕೂರಿಸಿ ಬೆಂಕಿ ಹಿಡಿದರು. ತಾಮ್ರ ಕೆಂಪಾಗಿ, ಬೆಸುಗೆ ಕಡ್ಡಿ ಕರಗಿ, ಸಂದಿಯ ಸುತ್ತ ಉಂಗುರದ ಹಾಗೆ ತಾನೇ ಓಡಿ ಕೂಡಿತು. ಒಂದು ಹನಿ ಆಚೆ ಬೀಳಲಿಲ್ಲ. ಹೊಗೆ ನಿಂತ ಮೇಲೆ ಅವರು ಸೋಪಿನ ನೀರು ಹಚ್ಚಿ ನೋಡಿದರು. ಒಂದೇ ಒಂದು ಗುಳ್ಳೆ ಏಳಲಿಲ್ಲ. ಇಷ್ಟು ಅಂದವಾದ ಕೆಲಸ ಮಾಡುವವರನ್ನು ಜನ ಸುಳ್ಳುಗಾರರು ಎನ್ನುತ್ತಿದ್ದಾರಲ್ಲ ಎಂದು ನನಗೆ ಛತ್ರಿಯ ಕೆಳಗೇ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಎಂಬುದು ಆಗಿನ್ನೂ ತಿಳಿದಿರಲಿಲ್ಲ.

ಐದೂವರೆಗೆ ಹಾಲಿನಲ್ಲಿ ತಣ್ಣನೆಯ ಗಾಳಿ ಬೀಸಿತು. ಒಡತಿ ಒಳಗೆ ಬಂದು ಹಾಲಿನ ನಡುವೆ ನಿಂತು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. ನಮ್ಮೆಲ್ಲರಿಗೂ ಹಲ್ವದ ತಟ್ಟೆ ಬಂತು. ಹೊರಡುವಾಗ ಆಕೆ ನನ್ನನ್ನು ಮತ್ತೆ ಕರೆದರು.

"ನಿನ್ನ ಜನ ಯಂತ್ರ ಚೆನ್ನಾಗಿ ರಿಪೇರಿ ಮಾಡುತ್ತಾರೆ. ನೀನು ಮೊದಲು ನಿನ್ನ ಮಾತು ರಿಪೇರಿ ಮಾಡಿಕೋ."

ಪಿಕಪ್ಪಿನಲ್ಲಿ ವರ್ಕ್‌ಶಾಪಿಗೆ ಮರಳುವಾಗ ಫೋರ್‌ಮನ್ ಶುರುಮಾಡಿದರು.

"ಸರ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನೀವು ನಂಗೆ ಒಂದು ಕೆಲಸ ಹೇಳಿದ್ರೆ ನಾನೆಂತ ಹೇಳ್ತೇನೆ?"

"ಆಯ್ತು ಅಂತೀರಿ."

"ಆಗ ಕೆಲಸ ಆಗಿರ್ತದಾ?"

"ಇಲ್ಲ. ಮಾಡ್ತೀನಿ ಅಂತ ಅರ್ಥ."

"ಮಾಡಿ ಮುಗಿಸಿ ಬಂದ ಮೇಲೆ ಎಂತ ಹೇಳ್ತೇನೆ?"

"...ಆಯ್ತು ಅಂತೀರಿ."

"ಎರಡಕ್ಕೂ ಆಯ್ತು! ತುಳುವಿನಲ್ಲಿಯೂ ಅದೇ ಕಥೆ. ನಾನೂ ಫೋನಿನಲ್ಲಿ ಎಲ್ಲರಿಗೂ ಡನ್ ಸರ್, ಡನ್ ಸರ್ ಅಂತ ಹೇಳ್ತಾ ಇದ್ದದ್ದು ಇಷ್ಟು ವರ್ಷ. ಅವರು ಕೆಲಸ ಮುಗಿದಿದೆ ಅಂತ್ಲೇ ತಿಳ್ಕೊಂಡ್ರು. ತಪ್ಪು ಅವರದ್ದಲ್ಲ ಮಾರಾಯ್ರೆ."

ವರ್ಕ್‌ಶಾಪಿನಲ್ಲಿ ಫೋನ್ ಎತ್ತುವವರು ನಾವಿಬ್ಬರೇ. ಅವರು ‘ಆಯ್ತು’ ಎನ್ನುವ ಊರಿನವರು, ನಾನು ‘ಆತ್ರಿ’ ಎನ್ನುವ ಊರಿನವನು. ಸಮುದ್ರದ ದಂಡೆಯ ಕನ್ನಡ, ಬಯಲುಸೀಮೆಯ ಕನ್ನಡ ಎಂದು ಇಬ್ಬರೂ ದಿನಾ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದೆವು. ತಪ್ಪು ಮಾಡುವಾಗ ಮಾತ್ರ ಅಖಂಡ ಕರ್ನಾಟಕವಾಗಿದ್ದೆವು.

ಮರುದಿನ ದೂರಿನ ಫೈಲು ತಂದು ಕೂತೆ. ‘ಹೇಳಿದರೂ ಬರಲಿಲ್ಲ’ ಎಂದು ಯಾರೂ ಬರೆದಿರಲಿಲ್ಲ. ಬಹುತೇಕ ಎಲ್ಲರೂ ಬರೆದದ್ದು: ‘ಆಗಿದೆ ಎಂದರು, ಬಂದು ನೋಡಿದರೆ ಆಗಿರಲಿಲ್ಲ.’ ಆಮೇಲೆ ನಮ್ಮ ಫೋನ್ ರಿಜಿಸ್ಟರ್ ತೆಗೆದೆ. ಕರೆ ಬಂದ ಕೂಡಲೇ, ಇನ್ನೂ ಯಾರೂ ಜಾಗ ಬಿಟ್ಟು ಏಳುವ ಮೊದಲೇ, ನನ್ನದೇ ಚಂದದ ಅಕ್ಷರದಲ್ಲಿ ಸಾಲು ಸಾಲಾಗಿ ‘ಡನ್, ಡನ್, ಡನ್’. ಅದರ ಮೇಲೆ ನಾನು ಅದನ್ನೇ ಹಸಿರು ಶಾಯಿಯಲ್ಲಿ ಅಚ್ಚುಹಾಕಿಸಿ ಇಡೀ ಊರಿಗೆ ಅಂಟಿಸಿದ್ದೆ. ರೋಗವನ್ನೇ ಜಾಹೀರಾತು ಮಾಡಿದ ಮ್ಯಾನೇಜರ್ ನನ್ನ ಹನ್ನೊಂದೂ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಪುಸ್ತಕಗಳನ್ನು ದೂರುವ ಹಾಗಿಲ್ಲ. ಗಿರಾಕಿ ಆಡುವ ಮಾತನ್ನೇ ಆಲಿಸು ಎಂದು ಅವು ಹೇಳಿಯೇ ಇದ್ದವು. ಆ ಸಾಲಿನ ಕೆಳಗೆ ನಾನು ಎರಡು ಸಲ ಗೆರೆ ಎಳೆದಿದ್ದೆ. ಆದರೆ ನಾನು ಆಡುವ ಮಾತನ್ನೂ ಆಲಿಸಬೇಕು ಎಂಬುದು ತಲೆಗೆ ಹೋಗಿರಲಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿತ್ತು, ನಮ್ಮ ರೋಗ ಕನ್ನಡದಲ್ಲಿತ್ತು.

ಶನಿವಾರದ ಮೀಟಿಂಗಿನಲ್ಲಿ ಬೋರ್ಡು ಒರೆಸಿದೆ. ಗೋಡೆಗೆ ಎರಡು ಮೊಳೆ ಹೊಡೆಸಿದೆ. ಮೊದಲ ಮೊಳೆಯ ಮೇಲೆ ಕನ್ನಡದಲ್ಲಿ ‘ಹೂಂ’ ಎಂದೂ ಎರಡನೆಯದರ ಮೇಲೆ ‘ಆಯ್ತು’ ಎಂದೂ ಬರೆದೆ. ಮಲಯಾಳದಲ್ಲೂ ಬಂಗಾಳಿಯಲ್ಲೂ ಅದೇ ಸದ್ದನ್ನು ಅವರವರೇ ಬರೆದುಕೊಂಡರು. ನಿಯಮ ಇಷ್ಟು. ಕರೆ ಬಂದರೆ ಕಾರ್ಡ್ ಬರೆದು ‘ಹೂಂ’ಗೆ ತೂಗುಹಾಕುವುದು, ಗಿರಾಕಿಗೆ ಯಾವ ದಿನ, ಯಾವ ಹೊತ್ತು ಎಂದು ಹೇಳುವುದು. ಕೆಲಸ ಮುಗಿದು, ತಂಪಾಗಿದೆ ಎಂದು ಗಿರಾಕಿ ತನ್ನ ಬಾಯಿಂದ ಹೇಳಿದ ಮೇಲೆಯೇ ಕಾರ್ಡ್ ‘ಆಯ್ತು’ ಮೊಳೆಗೆ. ಅಲ್ಲಿಯವರೆಗೆ ಡನ್, ಖಲಾಸ್, ಆಯ್ತು ಮೂರೂ ಮಾತು ವರ್ಕ್‌ಶಾಪಿನಲ್ಲಿ ಬಂದ್.

"ವಿಷನ್ ಎಲ್ಲಿ ಸರ್?" ಫೋರ್‌ಮನ್ ಕೇಳಿದರು.

"ಇದ ನೋಡ್ರಿ ವಿಷನ್. ಮೊದಲನೇ ಮೊಳಿಯಿಂದ ಎರಡನೇ ಮೊಳಿಗೆ."

"ಇದು ಕಾಣ್ತದೆ. ಕನ್ನಡಕ ಬೇಡ," ಎಂದರು. ಆಮೇಲೆ ಒಂದು ಖಾಲಿ ಕಾರ್ಡ್ ತೆಗೆದುಕೊಂಡು, ಗಿರಾಕಿಯ ಜಾಗದಲ್ಲಿ ‘ಅರ್ಬಾಬ್’ ಎಂದೂ ಕೆಲಸದ ಜಾಗದಲ್ಲಿ ‘ವರ್ಕ್‌ಶಾಪ್ ಉಳಿಸುವುದು’ ಎಂದೂ ಬರೆದು, ‘ಹೂಂ’ ಮೊಳೆಗೆ ಮೊಟ್ಟಮೊದಲ ಕಾರ್ಡಾಗಿ ತೂಗುಹಾಕಿದರು.

ನಿಯಮ ಎಲ್ಲರಿಗಿಂತ ಕಷ್ಟವಾದದ್ದು ನನಗೆ. ನಾಲಗೆಯ ತುದಿಯಲ್ಲಿ ‘ಖಲಾಸ್’ ಬಂದು ನಿಂತಿರುತ್ತಿತ್ತು. ನಾನು ಫೋನ್ ಹಿಡಿದಾಗಲೆಲ್ಲ ಯಾರಾದರೂ ಒಬ್ಬರು ಸ್ಪ್ಯಾನರಿನಿಂದ ಕಬ್ಬಿಣದ ಮೇಜು ಬಡಿದು ಎಚ್ಚರಿಸುತ್ತಿದ್ದರು. ಮನೆಯಲ್ಲಿ ಇನ್ನೂ ಕಷ್ಟ. ಈ ಕಥೆಯನ್ನೆಲ್ಲ ಹೆಂಡತಿಗೆ ಹೇಳಿದ್ದೇ ತಪ್ಪಾಯಿತು.

"ರೀ, ಬರೋವಾಗ ಕೊತ್ತಂಬರಿ ತರ್ರಿ."

"ಆತು."

"ಯಾವ ಆತು? ಹೂಂ ಆತೋ, ಆತು ಆತೋ?"

ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಪ್ಪ ಹ್ಯಾಸ್ ಓನ್ಲಿ ಹೂಂ," ಎಂದಳು.

ಆ ಬೇಸಿಗೆಯ ಬಗ್ಗೆ ನಾನು ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ. ಜಂಬ ನನಗೆ ಅಪರೂಪ, ಹಾಗಾಗಿ ಸಹಿಸಿಕೊಳ್ಳಬೇಕು. ಉಳಿದ ಸ್ಟಿಕ್ಕರುಗಳ ಮೇಲಿನ ಅರ್ಧ ಕತ್ತರಿಸಿ ಬರೀ ಫೋನ್ ನಂಬರು ಉಳಿಸಿಕೊಂಡೆವು. ಜೂನಿನಲ್ಲಿ ಗಿರಾಕಿಗಳು ‘ಬುಧವಾರ ಮೂರು ಗಂಟೆಗೆ’ ಎಂಬ ಉತ್ತರ ಕೇಳಿ ಗಾಬರಿಯಾದರು. ಜುಲೈಯಲ್ಲಿ ಒಗ್ಗಿಕೊಂಡರು; ಮದುವೆ ಹಾಲಿನ ಒಡತಿಯಂತೂ ಬಂದು ಮೊಳೆ ನೋಡಿಕೊಂಡು ಹೋದರು. ಮೂರು ಗಂಟೆ ಎಂದ ಮೇಲೆ ಮೂರು ಗಂಟೆಗೇ ಹೋಗಬೇಕಾಯಿತು, ನಮ್ಮವರು ಹೋದರು. ಯಾರ ಕಾರ್ಡ್ ‘ಹೂಂ’ನಲ್ಲಿ ಹೆಚ್ಚು ದಿನ ನೇತಾಡುತ್ತದೋ ಅವರನ್ನು ಉಳಿದವರು ಚಹಾದ ಹೊತ್ತಿಗೆ ಬಿಡುತ್ತಿರಲಿಲ್ಲ. ಬಾಂಗ್ಲಾದ ಇಬ್ಬರು ಛಾವಣಿಯಿಂದ ಫೋನ್ ಮಾಡಿ, "ಸರ್, ಹೂಂ ಫಿನಿಶ್, ಆಯ್ತು ಕರೋ," ಎನ್ನುವುದನ್ನು ಕೇಳಿದಾಗ, ಈ ಭಾಷೆಗೆ ನಾನೂ ಏನೋ ಸೇವೆ ಮಾಡಿದೆ ಅನ್ನಿಸುತ್ತಿತ್ತು. ಆಗಸ್ಟಿನಲ್ಲಿ ನಮ್ಮ ಬುರೈಮಿ ಶಾಖೆಯವರು ಫೋನ್ ಮಾಡಿ ಮೊಳೆಯ ಸೈಜ್ ಎಷ್ಟು ಎಂದು ಕೇಳಿದರು. ಅದೇ ಸೈಜು ಬೇಕೆಂದು ಏನಿಲ್ಲ ಎನ್ನಲು ಹೋಗಿ, ತಡೆದುಕೊಂಡು, ಎರಡೂವರೆ ಇಂಚು ಎಂದೆ. ಎಂಟು ವರ್ಷ ಸ್ಪೇರ್ ಪಾರ್ಟ್ಸಿನಲ್ಲಿದ್ದವನು ಅಷ್ಟನ್ನೂ ಹೇಳದಿದ್ದರೆ ಹೇಗೆ?

ಇಷ್ಟಾದರೂ ಮೊದಲ ಕಾರ್ಡ್ ‘ಹೂಂ’ ಮೊಳೆಯ ತುದಿಯಲ್ಲೇ ಇತ್ತು. ಹೊಸ ಕಾರ್ಡುಗಳು ಅದರ ಮೇಲೆ ಬಂದು ಹೋಗಿ, ಅದರ ಅಂಚು ಮಾಸಿತ್ತು. ನಾನು ದಿನಾ ಬೆಳಿಗ್ಗೆ ಅದನ್ನು ನೋಡುತ್ತಿದ್ದೆ. ಅರ್ಬಾಬ್ ಕಡೆಯಿಂದ ಒಂದು ಮಾತೂ ಬಂದಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಅವರು ಹೇಳದೆ ಕೇಳದೆ ವರ್ಕ್‌ಶಾಪಿಗೆ ಬಂದರು. ಕೈಯಲ್ಲಿ ದೂರಿನ ಫೈಲು ಇತ್ತು. ತೆಳ್ಳಗಿತ್ತು, ಆದರೆ ಉಳಿದ ಕಾಗದ ಬೇರೆಲ್ಲೋ ಇರಬಹುದೆಂದು ನನಗೆ ಆಗಲೇ ಚಿಂತೆ. ಅವರು ಒಂದು ಸುತ್ತು ಹಾಕಿದರು. ಗೋಡೆಯ ಮುಂದೆ ನಿಂತರು.

"ಇದೇನಾ? ಮದುವೆ ಹಾಲಿನ ಹೆಂಗಸು ಹೇಳಿದ್ದು?"

ಫೋರ್‌ಮನ್ ತಮ್ಮ ಹರುಕು ಅರಬಿಯಲ್ಲಿ, ಕೈಬಾಯಿ ಸೇರಿಸಿ ಎರಡು ಮೊಳೆಗಳ ವಿಷಯ ವಿವರಿಸಿದರು. ನಾನು ಆರು ತಿಂಗಳ ಮೀಟಿಂಗುಗಳಲ್ಲಿ ಹೇಳಲಾಗದ್ದನ್ನು ಅವರು ಎರಡು ನಿಮಿಷದಲ್ಲಿ ಮುಗಿಸಿದರು. ಅರ್ಬಾಬ್ ತಲೆದೂಗಿದರು. ಫೈಲನ್ನು ನನ್ನ ಮೇಜಿನ ಮೇಲಿಟ್ಟರು.

"ಖಲಾಸ್," ಎಂದು ಬಾಗಿಲ ಕಡೆ ತಿರುಗಿದರು.

ಖಲಾಸ್! ವರ್ಕ್‌ಶಾಪ್ ಖಲಾಸೋ? ದೂರು ಖಲಾಸೋ? ಹತ್ತೂ ಜನ ಕೈಯಲ್ಲಿದ್ದ ಕೆಲಸ ಹಿಡಿದಲ್ಲೇ ನಿಂತೆವು. ಕೇಳುವ ಧೈರ್ಯ ಬೇಕಿತ್ತು. ನಾಯಕನೆಂದರೆ ಅದು ನಾನೇ ಆಗಬೇಕಿತ್ತು. ನಾನು ಹೋಗಿ ಆ ಮಾಸಿದ ಕಾರ್ಡನ್ನು ‘ಹೂಂ’ ಮೊಳೆಯಿಂದ ಬಿಡಿಸಿಕೊಂಡು, ಅವರ ಹಿಂದೆಯೇ ಓಡಿ ಬಾಗಿಲಲ್ಲಿ ಹಿಡಿದೆ.

"ಅರ್ಬಾಬ್, ಕ್ಷಮಿಸಿ. ನಮ್ಮ ನಿಯಮ. ಗಿರಾಕಿಯೇ ಹೇಳಬೇಕು. ಇದು ಯಾವ ಖಲಾಸ್?"

ಕಾರ್ಡನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು, ಕನ್ನಡ ಅಕ್ಷರಗಳನ್ನು ತಿರುಗಿಸಿ ನೋಡಿ, "ಏನಿದೆ ಇದರಲ್ಲಿ?" ಎಂದರು.

"ಗಿರಾಕಿ ನೀವು. ಕೆಲಸ, ಈ ವರ್ಕ್‌ಶಾಪ್ ಉಳಿಯುವುದು."

ಅವರು ನಗುವವರಲ್ಲ. ಅಂದೂ ನಗಲಿಲ್ಲ. ಮರಳಿ ಗೋಡೆಯವರೆಗೆ ನಡೆದು, ಯಾವುದು ಯಾವುದೆಂದು ಫೋರ್‌ಮನ್ ಮುಖ ನೋಡಿ ಖಚಿತ ಮಾಡಿಕೊಂಡು, ಕಾರ್ಡನ್ನು ಎರಡನೆಯ ಮೊಳೆಗೆ ತಾವೇ ತೂಗುಹಾಕಿದರು. ಅದು ನೇರವಾಗಿ ಕೂರಲಿಲ್ಲ, ಬೆರಳಿನಿಂದ ಸರಿಮಾಡಿದರು. ಆಮೇಲೆ ಹೋದರು.

ಅವರ ಕಾರು ತಿರುವು ದಾಟುವವರೆಗೆ ಎಲ್ಲರೂ ಬಾಗಿಲ ಕಡೆ ನೋಡಿದೆವು. ಆಮೇಲೆ ಯಾರೋ ಸ್ಪ್ಯಾನರ್ ಹಿಡಿದು ಮೇಜು ಬಡಿದರು, ಇನ್ನೊಬ್ಬರು ಬಡಿದರು, ಒಂಬತ್ತೂ ಜನ ಬಡಿದರು. ಪಕ್ಕದ ಗ್ಯಾರೇಜಿನವರು ಏನೋ ಬಿದ್ದಿತೆಂದು ಓಡಿಬಂದರು. ಫೋರ್‌ಮನ್ ನನ್ನ ಹತ್ತಿರ ಬಂದು ಮೆಲ್ಲಗೆ, "ಪುಸ್ತಕದಲ್ಲಿ ಹಾಕ್ಬಹುದು ಸರ್ ಇದನ್ನ," ಎಂದರು. ಅದು ತಮಾಷೆಯ ದನಿಯಲ್ಲ.

ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮನೆಗೆ ಹೋದೆ. ಅವತ್ತು ಶಾಲೆಯ ಮುಂದೆ ಪುಸ್ತಕ ತೆರೆಯಲಿಲ್ಲ. ಹೆಂಡತಿ ಬಾಗಿಲಲ್ಲೇ ನನ್ನ ಮುಖ ನೋಡಿದಳು. ಏಪ್ರಿಲಿನಿಂದ ಅವಳೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನ್ನ ಹಾಗೆ ಅದನ್ನು ಹಾಳೆಯ ಮೇಲೆ ಬರೆದಿರಲಿಲ್ಲ ಅಷ್ಟೆ.

"ಏನಾತ್ರಿ?"

"ಆತು."

"ಯಾವ ಆತು?"

"ಎರಡನೇ ಮೊಳಿ ಆತು. ಅವರ ಕೈಯಾಗ ಹಚ್ಚಿಸೇನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹಾಲಿನ ಮೂಲೆಯಲ್ಲಿ ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳುತ್ತಿತ್ತು. ಒಳಗಿನಿಂದಲೇ ಕೂಗಿದಳು:

"ಊರಿನ ಎ.ಸಿ. ಎಲ್ಲಾ ಆತು. ನಮ್ಮನಿದು?"

ನಾನು ಬೂಟು ಬಿಚ್ಚುತ್ತ, ಆ ವರ್ಷ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಒಂದಿಷ್ಟೂ ಸುಳ್ಳಿಲ್ಲದೆ ಉತ್ತರ ಕೊಟ್ಟೆ.

"ಹೂಂ."